ಗೋವಾದಲ್ಲಿ ಕಡಿತ ನಿಲ್ಲಲಿಲ್ಲ, ರೇಬಿಸ್ ಸಾವು ನಿಂತಿತು: ಒಂದು ಪ್ರಕರಣ ಅಧ್ಯಯನ

ಅಕ್ಕನ ಮಗ ಬೇಸಿಗೆ ರಜೆಗೆ ನಮ್ಮೂರಿಗೆ ಬಂದಿದ್ದ. ಎಂಟು ವರ್ಷದ ಹುಡುಗ. ನಮ್ಮದು ಖಾನಾಪುರ ತಾಲೂಕಿನ ಒಂದು ಹಳ್ಳಿ, ಚೋರ್ಲಾ ಘಾಟ್ ಇಳಿದರೆ ಗೋವಾ. ಹಿತ್ತಲಲ್ಲಿ ಕಟ್ಟಿಗೆ ಒಟ್ಟಿದ್ದ ಜಾಗದ ಹಿಂದೆ ಬೀದಿನಾಯಿಯೊಂದು ನಾಲ್ಕು ಮರಿ ಹಾಕಿತ್ತು. ಇವನು ದಿನಾ ಬಿಸ್ಕತ್ತು ಒಯ್ದು ತಿನ್ನಿಸುತ್ತಿದ್ದ. ಒಂದು ಮರಿ ಅವನ ಹೆಬ್ಬೆರಳಿಗೆ ಹಲ್ಲು ಊರಿತು. ಸೂಜಿ ಮೊನೆಯಷ್ಟು ಎರಡು ತೂತು, ಒಂದು ಹನಿ ರಕ್ತ. ಬೈಯುತ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಚಡ್ಡಿಗೆ ಒರೆಸಿಕೊಂಡು ಸುಮ್ನಾದ.

ಮರಿ ಹಾಲು ಬಿಟ್ಟಿತು. ಮೂಲೆ ಹಿಡಿಯಿತು. ಮೂರನೇ ದಿನ ಸತ್ತಿತ್ತು. ನಾವು ಹಲಸಿನ ಮರದ ಬುಡದಲ್ಲಿ ಹೂತೆವು. ಅವತ್ತು ಸಂಜೆ ಹುಡುಗ ಅಳುತ್ತಾ ಅಜ್ಜಿಯ ಹತ್ತಿರ ಬಂದು ಬೆರಳು ತೋರಿಸಿದ. ಅಷ್ಟೊತ್ತಿಗೆ ಗಾಯ ಮುಚ್ಚಿಕೊಂಡಿತ್ತು.

ಅಮ್ಮ ಸುಣ್ಣದ ಡಬ್ಬಿ ತರಲು ಎದ್ದಳು. ತಪ್ಪು ಅವಳದ್ದಲ್ಲ, ಅವಳಿಗೆ ಯಾರೂ ಬೇರೆ ಹೇಳಿಕೊಟ್ಟಿರಲಿಲ್ಲ. ನಾನು ನಲ್ಲಿಗೆ ಕರೆದುಕೊಂಡು ಹೋಗಿ ಸೋಪು ಹಚ್ಚಿ ತೊಳೆದೆ. ಪಟ್ಟಣದ ಆಸ್ಪತ್ರೆಗೆ ಹೋದಾಗ ಲಸಿಕೆ ಇತ್ತು, ಗಾಯದೊಳಗೇ ಚುಚ್ಚುವ ಸೀರಂ ಅನ್ನುವ ಇನ್ನೊಂದು ಔಷಧಿ ಇರಲಿಲ್ಲ. ಕಚ್ಚಿದ್ದು ಮರಿ ತಾನೇ, ಲಸಿಕೆ ಸಾಕು ಬಿಡಿ ಅಂತಲೂ ಒಬ್ಬರು ಅಂದರು. ಸಾಕಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಬೈಕಿನಲ್ಲಿ ಮುಂದೆ ಅವನನ್ನು ಕೂರಿಸಿಕೊಂಡು ಇನ್ನೊಂದು ಊರಿಗೆ ಹೋದೆ. ಸೀರಂ ಸಿಕ್ಕಾಗ ರಾತ್ರಿ ಹನ್ನೊಂದು.

ಆಮೇಲಿನ ಇಪ್ಪತ್ತೆಂಟು ದಿನ ಹೇಗೆ ಕಳೆದೆವು ಅಂತ ಬರೆಯಲು ಹೋಗುವುದಿಲ್ಲ. ಅವನು ಚೆನ್ನಾಗಿದ್ದಾನೆ. ಆ ದಿನಗಳಲ್ಲಿ ನಾನು ರೇಬಿಸ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಿದ್ದರಲ್ಲಿ ಮನಸ್ಸಿನಿಂದ ಹೋಗದೆ ಉಳಿದಿದ್ದು ನಮ್ಮ ಘಾಟಿನ ಕೆಳಗಿನ ಗೋವಾದ ಕಥೆ. ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪುವ ಜಾಗ. ಅಲ್ಲಿ ಇಂಥ ಮರಿ ಸತ್ತಿದ್ದರೆ ಏನಾಗುತ್ತಿತ್ತು? ಆ ಪ್ರಶ್ನೆ ಇಟ್ಟುಕೊಂಡೇ ಈ ಪ್ರಕರಣ ಬರೆಯುತ್ತಿದ್ದೇನೆ.

ಗೋವಾ ಏನು ಮಾಡಿತು

ಗೋವಾ ಚಿಕ್ಕ ರಾಜ್ಯ. 3,702 ಚದರ ಕಿಲೋಮೀಟರು. 2011ರ ಜನಗಣತಿ ಪ್ರಕಾರ ಹದಿನಾಲ್ಕೂವರೆ ಲಕ್ಷ ಜನ. ನಮ್ಮ ಬೆಳಗಾವಿ ಜಿಲ್ಲೆ ಒಂದೇ ಅದರ ಮೂರೂವರೆ ಪಟ್ಟು ದೊಡ್ಡದು. ಹಾಗಾಗಿ "ಅವರಿಗೇನು, ಸಣ್ಣ ರಾಜ್ಯ" ಅನ್ನುವ ಮಾತು ಬರುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ.

2013ರಲ್ಲಿ ಬ್ರಿಟನ್ನಿನ ಪಶುವೈದ್ಯ ಲ್ಯೂಕ್ ಗ್ಯಾಂಬಲ್ ಕಟ್ಟಿದ ಮಿಷನ್ ರೇಬಿಸ್ ಸಂಸ್ಥೆ ಭಾರತದಲ್ಲಿ ಕೆಲಸ ಶುರು ಮಾಡಿತು. ಗೋವಾ ಸರ್ಕಾರ ಅದರ ಜೊತೆ ಕೈಜೋಡಿಸಿತು. 2013ರಿಂದ 2019ರವರೆಗೆ ಅಲ್ಲಿ ನಡೆದ ಕೆಲಸದ ಪೂರ್ತಿ ವರದಿ 2022ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂತು. ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕುವ ಮಟ್ಟ ಮುಟ್ಟಿದರು. ಅಂದರೆ ಅಲ್ಲಿನ ನಾಯಿಗಳಲ್ಲಿ ಶೇ. 70. ವರ್ಷಕ್ಕೆ ಒಂದೂವರೆ ಲಕ್ಷ ಮಕ್ಕಳಿಗೆ ಪಾಠ ಮಾಡಿದರು. ತಿಂಗಳಿಗೆ ಪತ್ತೆಯಾಗುತ್ತಿದ್ದ ಹುಚ್ಚು ನಾಯಿಗಳ ಸಂಖ್ಯೆ ಶೇ. 92ರಷ್ಟು ಇಳಿಯಿತು. 2018, 2019ರಲ್ಲಿ ಅಲ್ಲಿ ರೇಬಿಸ್‌ನಿಂದ ಒಬ್ಬ ಮನುಷ್ಯನೂ ಸಾಯಲಿಲ್ಲ. 2021ರಲ್ಲಿ ರಾಜ್ಯ ಸರ್ಕಾರ ಇದನ್ನು ಅಧಿಕೃತವಾಗಿ ಘೋಷಿಸಿಕೊಂಡಿತು.

ಈ ಹೊತ್ತಿನಲ್ಲಿ ಗೋವಾದಲ್ಲಿ ನಾಯಿ ಕಡಿತ ನಿಂತಿತ್ತಾ? ಇಲ್ಲ. ಕಡಲತೀರದಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ಕೇರಿಗಳಲ್ಲಿ ನಾಯಿ ಕಚ್ಚುವುದು ನಡೆದೇ ಇತ್ತು. ಪೇಪರಿನಲ್ಲಿ ದೂರುಗಳು ಬರುತ್ತಲೇ ಇದ್ದವು. ಈಗಲೂ ಬರುತ್ತವೆ.

ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದೇ ದೊಡ್ಡ ಪಾಠ. ನಾವು ಕಡಿತ ಮತ್ತು ರೇಬಿಸ್ ಎರಡನ್ನೂ ಒಂದೇ ಗಂಟು ಮಾಡಿ ಮಾತಾಡುತ್ತೇವೆ. ನಾಯಿ ಕಚ್ಚಲು ನೂರು ಕಾರಣ ಇರುತ್ತವೆ. ರೇಬಿಸ್ ಬರಲು ಒಂದೇ ಕಾರಣ: ಆ ನಾಯಿಯ ಜೊಲ್ಲಿನಲ್ಲಿ ವೈರಸ್ ಇರಬೇಕು. ಕಡಿತ ಕಡಿಮೆ ಮಾಡುವುದಕ್ಕೆ ಕಸ, ಸಂತಾನ ನಿಯಂತ್ರಣ, ಮಾಲೀಕರ ಜವಾಬ್ದಾರಿ ಎಲ್ಲ ಸರಿಹೋಗಬೇಕು, ಅದಕ್ಕೆ ಎಷ್ಟೋ ವರ್ಷ ಬೇಕು. ಜೊಲ್ಲಿನಿಂದ ವೈರಸ್ ತೆಗೆಯಲು ಅಷ್ಟು ಕಾಯಬೇಕಿಲ್ಲ. ಗೋವಾ ಇದನ್ನು ಮೊದಲು ಮಾಡಿತು.

ಯಾವ ನಾಯಿ, ಯಾರಿಗೆ, ಹೇಗೆ ಕಚ್ಚುತ್ತದೆ

2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತ ದಾಖಲಾಗಿವೆ ಅಂತ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿತು. ಇದು ಆಸ್ಪತ್ರೆಗೆ ಬಂದವರ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಮನೆ ಮನೆಗೆ ಹೋಗಿ ಕೇಳಿದಾಗ ಬೇರೆಯೇ ಚಿತ್ರ ಬಂತು: ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತ, ಅದರಲ್ಲಿ ನಾಲ್ಕರಲ್ಲಿ ಮೂರು ನಾಯಿಯದು. ವರ್ಷಕ್ಕೆ ರೇಬಿಸ್ ಸಾವು ಸುಮಾರು 5,726 ಅಂತ ಅವರ ಅಂದಾಜು. ಕಡಿಸಿಕೊಂಡವರಲ್ಲಿ ಐದರಲ್ಲಿ ಒಬ್ಬರು ಒಂದು ಡೋಸ್ ಲಸಿಕೆಯನ್ನೂ ಹಾಕಿಸಿಕೊಂಡಿರಲಿಲ್ಲ.

ಆ ಐದನೆಯವರು ಯಾರು? ನಮ್ಮ ಹುಡುಗನಂಥವರೇ. ಮೈ ತುಂಬ ಗಾಯವಾದವರು ತಾವಾಗಿಯೇ ಆಸ್ಪತ್ರೆಗೆ ಓಡುತ್ತಾರೆ. ಸಣ್ಣ ಗಾಯದವರು, ಪರಿಚಯದ ನಾಯಿ ಕಚ್ಚಿದವರು, ಮರಿ ಕಚ್ಚಿದವರು ಮನೆಯಲ್ಲೇ ಉಳಿಯುತ್ತಾರೆ. "ನಮ್ಮ ಓಣಿದೇ ನಾಯಿ, ಏನೂ ಆಗಲ್ಲ" ಅನ್ನುವ ಮಾತು ನಾನೇ ಎಷ್ಟು ಸಲ ಕೇಳಿದ್ದೇನೆ. ಆದರೆ ಓಣಿಯ ನಾಯಿಗೆ ಹಿಂದಿನ ತಿಂಗಳು ರಾತ್ರಿ ಯಾವ ನಾಯಿ ಕಚ್ಚಿತ್ತು ಅಂತ ಯಾರು ನೋಡಿದ್ದಾರೆ? ಮರಿಗಂತೂ ರೇಬಿಸ್ ಬರುವುದೇ ಇಲ್ಲ ಅನ್ನುವ ನಂಬಿಕೆ ಗಟ್ಟಿಯಾಗಿ ಕೂತಿದೆ. ಬರುತ್ತದೆ. ಗೂಡಿನಲ್ಲಿ ಮಲಗಿರುವ ಮರಿಗೆ ಹಾದು ಹೋಗುವ ಹುಚ್ಚು ನಾಯಿ ಬಾಯಿ ಹಾಕಿದರೆ ಮುಗಿಯಿತು. ಆ ಮರಿಯನ್ನು ಎತ್ತಿ ಆಡಿಸುವವರು ಮಕ್ಕಳು. ಅದಕ್ಕೇ ಗೋವಾದಲ್ಲಿ ಮರಿಗಳನ್ನೂ ಬಿಡದೆ ಲಸಿಕೆ ಹಾಕಿದರು.

ಶಂಕಿತ ಹುಚ್ಚು ಪ್ರಾಣಿಗಳಿಂದ ಕಡಿಸಿಕೊಂಡವರಲ್ಲಿ ಸುಮಾರು ಶೇ. 40ರಷ್ಟು ಜನ 15 ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳು ಕುಳ್ಳಗಿರುತ್ತಾರೆ, ನಾಯಿಯ ಬಾಯಿ ಅವರ ಮುಖದ ಎತ್ತರಕ್ಕೆ ಬರುತ್ತದೆ. ದೊಡ್ಡವರಿಗೆ ಮೀನಖಂಡಕ್ಕೆ ಕಚ್ಚಿದರೆ ಮಕ್ಕಳಿಗೆ ಕೆನ್ನೆ, ತುಟಿ, ಕುತ್ತಿಗೆಗೆ ಕಚ್ಚುತ್ತದೆ. ಇದರ ಅರ್ಥ ಬರೀ ಕಲೆ ಉಳಿಯುತ್ತದೆ ಅಂತಲ್ಲ. ವೈರಸ್ ರಕ್ತದಲ್ಲಿ ಹರಿಯುವುದಿಲ್ಲ, ನರ ಹಿಡಿದು ಮೇಲಕ್ಕೆ ಏರುತ್ತದೆ. ಕಾಲಿನಿಂದ ಮಿದುಳಿಗೆ ದಾರಿ ಉದ್ದ, ಕೆನ್ನೆಯಿಂದ ಗಿಡ್ಡ. ಸಾಮಾನ್ಯವಾಗಿ ಲಕ್ಷಣ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದು ವಾರದಲ್ಲೂ ಬರಬಹುದು, ಒಂದು ವರ್ಷಕ್ಕೂ ಬರಬಹುದು. ಮಿದುಳು ಮುಟ್ಟಿದ ಮೇಲೆ ಔಷಧಿ ಇಲ್ಲ. ಬದುಕಿ ಉಳಿದವರು ಇಡೀ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಹುಚ್ಚು ನಾಯಿಯ ಕಡಿತಕ್ಕೂ ಉಳಿದ ಕಡಿತಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಮರಿ ಹಾಕಿದ ನಾಯಿ ಹತ್ತಿರ ಹೋದವರಿಗೆ ಕಚ್ಚುತ್ತದೆ. ತಿನ್ನುವ ನಾಯಿ ತಟ್ಟೆ ಎಳೆದವರಿಗೆ ಕಚ್ಚುತ್ತದೆ. ರಾತ್ರಿ ಬೈಕಿನ ಹಿಂದೆ ಗುಂಪಾಗಿ ಓಡುವ ನಾಯಿಗಳಿಗೆ ಅದು ಅವುಗಳ ಜಾಗ. ಇವಕ್ಕೆಲ್ಲ ಒಂದು ಕಾರಣ ಕಾಣುತ್ತದೆ. ಹುಚ್ಚು ನಾಯಿಗೆ ಕಾರಣ ಬೇಕಿಲ್ಲ. ಎಲ್ಲಿಂದಲೋ ಬರುತ್ತದೆ, ದಾರಿಯಲ್ಲಿ ಸಿಕ್ಕ ಮನುಷ್ಯ, ದನ, ನಾಯಿ ಯಾವುದನ್ನೂ ಬಿಡದೆ ಕಚ್ಚುತ್ತಾ ಮುಂದಿನ ಊರಿಗೆ ಹೋಗುತ್ತದೆ. ಕಲ್ಲು, ಮಣ್ಣು, ಕಡ್ಡಿ ಕಚ್ಚಿ ನುಂಗುತ್ತದೆ. ಬೊಗಳುವ ದನಿ ಒಡೆದು ಬೇರೆಯೇ ಆಗಿರುತ್ತದೆ. ಒಂದೇ ದಿನ ಒಂದೇ ನಾಯಿ ಹತ್ತು ಜನರಿಗೆ ಕಚ್ಚಿದ ಸುದ್ದಿ ಬಂದರೆ ಮೊದಲು ರೇಬಿಸ್ ಅಂತಲೇ ತಿಳಿಯಬೇಕು.

ಇದಕ್ಕಿಂತ ನನಗೆ ಹೆದರಿಕೆ ಇನ್ನೊಂದು ಬಗೆಯದು. ಮಂಕು ರೇಬಿಸ್. ನಾಯಿ ಯಾರ ಮೈಮೇಲೂ ಏರುವುದಿಲ್ಲ. ಕತ್ತಲ ಮೂಲೆಗೆ ಹೋಗಿ ಕೂರುತ್ತದೆ. ಕೆಳದವಡೆ ಜೋತು ಬಿದ್ದಿರುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲು ಆಗುವುದಿಲ್ಲ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅನ್ನಿಸುತ್ತದೆ. ಪಾಪ ಅಂತ ಬಾಯೊಳಗೆ ಕೈ ಹಾಕುತ್ತಾರೆ. ಕಚ್ಚಿಲ್ಲವಲ್ಲ ಅಂತ ಆಸ್ಪತ್ರೆಗೂ ಹೋಗುವುದಿಲ್ಲ. ಕೈಯಲ್ಲಿ ಒಂದು ಸಣ್ಣ ಗೀರು ಇದ್ದರೆ ಅಷ್ಟೇ ಸಾಕು. ನಮ್ಮ ಮರಿ ಕೂಡ ಮೂಲೆ ಹಿಡಿದೇ ಸತ್ತಿತು. ಅದಕ್ಕೆ ರೇಬಿಸ್ ಇತ್ತೋ ಇಲ್ಲವೋ ಈಗ ಯಾರೂ ಹೇಳಲಾರರು. ಹೂತುಬಿಟ್ಟೆವಲ್ಲ.

ಬಲೆ, ಬಣ್ಣ, ಫೋನು

ಗೋವಾದ ಸತ್ತರಿ ತಾಲೂಕಿನಲ್ಲಿ ನಮ್ಮ ನೆಂಟರಿದ್ದಾರೆ. ಒಮ್ಮೆ ಅಲ್ಲಿಗೆ ಹೋದಾಗ ಲಸಿಕೆ ತಂಡ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದೆ. ಬೆಳಗಿನ ಹೊತ್ತು, ಬಿಸಿಲು ಏರಿರಲಿಲ್ಲ. ಗಾಡಿಯಿಂದ ಇಳಿದವರ ಕೈಯಲ್ಲಿ ಉದ್ದ ಕೋಲಿನ ಬಲೆ, ಚಿಟ್ಟೆ ಹಿಡಿಯುವ ಬಲೆಯ ದೊಡ್ಡಣ್ಣನ ಹಾಗೆ. ಮನೆಯವರು ಹಿಡಿದುಕೊಳ್ಳುವ ನಾಯಿಗೆ ಬಾಗಿಲಲ್ಲೇ ಚುಚ್ಚಿದರು. ಗುಡಿಯ ಹಿಂದೆ ಮಲಗಿದ್ದ ಕೆಂದು ನಾಯಿ ಯಾರ ಕೈಗೂ ಸಿಗುವಂಥದ್ದಲ್ಲ. ಇಬ್ಬರು ಎರಡು ಕಡೆಯಿಂದ ಮೆಲ್ಲಗೆ ಬಂದರು. ಬಲೆ ಬಿತ್ತು, ನಾಯಿ ಒಮ್ಮೆ ಕೂಗಿತು. ಒಬ್ಬ ಬಲೆಯ ಬಾಯಿ ತಿರುಚಿ ಹಿಡಿದ, ಇನ್ನೊಬ್ಬ ಬಲೆಯ ಮೇಲಿಂದಲೇ ಸೂಜಿ ಹಾಕಿದ. ತಲೆಯ ಮೇಲೆ ಹಸಿರು ಬಣ್ಣದ ಒಂದು ಗೆರೆ. ಬಲೆ ಬಿಚ್ಚಿದರು. ಎಲ್ಲ ಒಂದು ನಿಮಿಷದ ಒಳಗೆ. ನಾಯಿ ದೂರ ಓಡಿ ನಿಂತು ಮೈ ಕೊಡವಿ ತಿರುಗಿ ನೋಡಿತು. ಅಷ್ಟರಲ್ಲಿ ಮೂರನೆಯವಳು ಫೋನಿನಲ್ಲಿ ಬರೆದಾಗಿತ್ತು: ಹೆಣ್ಣೋ ಗಂಡೋ, ಮರಿಯೋ ದೊಡ್ಡದೋ, ಮನೆಯದೋ ಬೀದಿಯದೋ. ಜಾಗವನ್ನು ಫೋನೇ ಗುರುತು ಹಾಕಿಕೊಳ್ಳುತ್ತದೆ.

ಆ ಹಸಿರು ಗೆರೆ ನೋಡಿ ನನಗೆ ಮೊದಲು ಅನ್ನಿಸಿದ್ದು, ಒಂದೇ ನಾಯಿಗೆ ಎರಡು ಸಲ ಚುಚ್ಚದಿರಲಿ ಅಂತ ಹಾಕುತ್ತಾರೆ ಎಂದು. ಅದಕ್ಕೂ ಹೌದು. ಆದರೆ ಮುಖ್ಯ ಉಪಯೋಗ ಆಮೇಲೆ ಬರುತ್ತದೆ. ಲಸಿಕೆ ಮುಗಿದ ಮೇಲೆ ಬೇರೆ ಜನ ಅದೇ ಓಣಿಗಳಲ್ಲಿ ಸುತ್ತುತ್ತಾರೆ. ಕಂಡ ಪ್ರತಿ ನಾಯಿಯನ್ನೂ ಎಣಿಸುತ್ತಾರೆ. ತಲೆಯ ಮೇಲೆ ಬಣ್ಣ ಇದೆಯಾ, ಇಲ್ವಾ? ಹತ್ತರಲ್ಲಿ ಏಳಕ್ಕೆ ಇದ್ದರೆ ತಂಡ ಮುಂದಿನ ಭಾಗಕ್ಕೆ ಹೋಗುತ್ತದೆ. ಇಲ್ಲವಾದರೆ ಅಲ್ಲಿಗೇ ವಾಪಸ್ ಬರುತ್ತದೆ.

ಇದೇ ಈ ಪ್ರಕರಣದ ಜೀವ ಅಂತ ನನ್ನ ಅನಿಸಿಕೆ. ನಮ್ಮಲ್ಲೂ ಲಸಿಕೆ ಶಿಬಿರಗಳು ನಡೆಯುತ್ತವೆ. ಸೆಪ್ಟೆಂಬರ್ 28, ಲೂಯಿ ಪಾಶ್ಚರ್ ತೀರಿಕೊಂಡ ದಿನ, ವಿಶ್ವ ರೇಬಿಸ್ ದಿನ. ಅವತ್ತು ಪಶು ಆಸ್ಪತ್ರೆಯಲ್ಲಿ ಬ್ಯಾನರ್ ಕಟ್ಟಿರುತ್ತಾರೆ, ಸರಪಳಿ ಹಾಕಿದ ಸಾಕುನಾಯಿಗಳು ಸಾಲಾಗಿ ಬರುತ್ತವೆ, ಇಷ್ಟು ನಾಯಿಗೆ ಲಸಿಕೆ ಹಾಕಿದೆವು ಅಂತ ಲೆಕ್ಕ ಕೊಡುತ್ತಾರೆ. ಒಳ್ಳೆಯದೇ. ಆದರೆ ಎಷ್ಟು ನಾಯಿ ಉಳಿದವು ಅನ್ನುವ ಲೆಕ್ಕ ಎಲ್ಲಿದೆ? ವೈರಸ್ ಓಡಾಡುವುದು ಆ ಉಳಿದ ನಾಯಿಗಳಲ್ಲಿ ತಾನೇ. ಗುಡಿ ಹಿಂದಿನ ಕೆಂದು ನಾಯಿ ಯಾವ ಶಿಬಿರಕ್ಕೂ ನಡೆದು ಬರುವುದಿಲ್ಲ.

ಶೇ. 70 ಅನ್ನುವ ಸಂಖ್ಯೆ ಯಾಕೆ ಅಂತ ಕೇಳಬಹುದು. ರೇಬಿಸ್ ನಾವು ಅಂದುಕೊಂಡಷ್ಟು ಜೋರಾಗಿ ಹರಡುವ ರೋಗವಲ್ಲ. ಒಂದು ಹುಚ್ಚು ನಾಯಿ ಸಾಯುವ ಮೊದಲು ಸರಾಸರಿ ಒಂದೆರಡು ನಾಯಿಗಳಿಗೆ ಮಾತ್ರ ಅಂಟಿಸುತ್ತದೆ. ಅದಕ್ಕೆ ಎದುರಾಗುವ ಹತ್ತು ನಾಯಿಗಳಲ್ಲಿ ಏಳಕ್ಕೆ ಲಸಿಕೆ ಆಗಿದ್ದರೆ ಸರಪಳಿ ತುಂಡಾಗುತ್ತದೆ. ಎಲ್ಲ ನಾಯಿಗೂ ಹಾಕಬೇಕಿಲ್ಲ. ಇದು ಸಮಾಧಾನದ ವಿಷಯ. ಕಷ್ಟದ ವಿಷಯವೂ ಇದೆ. ಬೀದಿನಾಯಿಯ ಬದುಕು ಚಿಕ್ಕದು. ಈ ವರ್ಷ ಲಸಿಕೆ ಹಾಕಿಸಿಕೊಂಡ ನಾಯಿಗಳಲ್ಲಿ ಎಷ್ಟೋ ಮುಂದಿನ ವರ್ಷಕ್ಕೆ ಇರುವುದಿಲ್ಲ, ಅವುಗಳ ಜಾಗಕ್ಕೆ ಹೊಸ ಮರಿಗಳು ಬಂದಿರುತ್ತವೆ. ಎಪ್ಪತ್ತು ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಪ್ರತಿ ವರ್ಷ ಮೊದಲಿನಿಂದ ಶುರು ಮಾಡಬೇಕು. ಒಂದು ವರ್ಷ ಬಿಟ್ಟರೆ ಹಿಂದಿನ ಕೆಲಸವೆಲ್ಲ ನೀರುಪಾಲು.

ನಾಯಿಗಳನ್ನು ಕೊಂದರೆ ಆಗಲ್ವಾ ಅನ್ನುವವರು ನಮ್ಮೂರಲ್ಲೂ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಗುವಿನ ಮುಖ ಹರಿದದ್ದನ್ನು ನೋಡಿದವರಿಗೆ ಸಮಾಧಾನ ಹೇಳಲು ಬರುವುದಿಲ್ಲ. ಆದರೆ ಇಂಡೋನೇಷ್ಯಾದ ಬಾಲಿ ದ್ವೀಪ ಅದನ್ನೂ ಮಾಡಿ ನೋಡಿತು. 2008ರವರೆಗೆ ಅಲ್ಲಿ ರೇಬಿಸ್ ಇರಲಿಲ್ಲ. ಬಂದ ಕೂಡಲೇ ವಿಷ ಹಾಕಿ ದೊಡ್ಡ ಪ್ರಮಾಣದಲ್ಲಿ ನಾಯಿಗಳನ್ನು ಕೊಂದರು. ರೋಗ ದ್ವೀಪದ ತುಂಬ ಹರಡಿತು. ಸಾವು ಇಳಿದದ್ದು ಇಡೀ ದ್ವೀಪದ ನಾಯಿಗಳಿಗೆ ಲಸಿಕೆ ಹಾಕಲು ಶುರು ಮಾಡಿದ ಮೇಲೆ. ಕೊಲ್ಲುವಾಗ ಲಸಿಕೆ ಹಾಕಿದ ನಾಯಿಯೂ ಸಾಯುತ್ತದೆ. ಖಾಲಿಯಾದ ಓಣಿಗೆ ಲಸಿಕೆ ಇಲ್ಲದ ಹೊಸ ನಾಯಿ ಬರುತ್ತದೆ. ಜನ ತಮ್ಮ ನಾಯಿಯನ್ನು ಬಚ್ಚಿಟ್ಟುಕೊಂಡು ಬೇರೆ ಊರಿಗೆ ಸಾಗಿಸುತ್ತಾರೆ, ಅದರ ಜೊತೆ ರೋಗವೂ ಹೋಗುತ್ತದೆ.

ಇನ್ನು ಸತ್ತ ಮರಿಯ ವಿಷಯ. ಗೋವಾದಲ್ಲಿ ಅನುಮಾನದ ನಾಯಿ ಕಂಡರೆ ಫೋನ್ ಮಾಡಲು ಒಂದು ಸಂಖ್ಯೆ ಇದೆ. ತಂಡ ಬರುತ್ತದೆ. ನಾಯಿ ಸತ್ತಿದ್ದರೆ ಮಿದುಳಿನ ಮಾದರಿ ತೆಗೆದು ಪರೀಕ್ಷೆ ಮಾಡುತ್ತಾರೆ. ರೇಬಿಸ್ ಅಂತ ಗೊತ್ತಾದರೆ ಅದು ಯಾರ್‍ಯಾರಿಗೆ ಕಚ್ಚಿದೆ, ಯಾರು ಮುಟ್ಟಿದ್ದಾರೆ ಅಂತ ಮನೆ ಮನೆಗೆ ಹೋಗಿ ಕೇಳಿ ಆಸ್ಪತ್ರೆಗೆ ಕಳಿಸುತ್ತಾರೆ. ಸುತ್ತಲಿನ ನಾಯಿಗಳಿಗೆ ಮತ್ತೆ ಲಸಿಕೆ ಹಾಕುತ್ತಾರೆ. ಅಂದರೆ ನಮ್ಮ ಹುಡುಗ ಬಾಯಿ ಬಿಡದಿದ್ದರೂ ಯಾರಾದರೂ ಬಂದು ಬಾಗಿಲು ತಟ್ಟಿ ಕೇಳುತ್ತಿದ್ದರು. ಉಳಿದ ಮೂರು ಮರಿಗಳ ಜೊತೆ ಆಡಿದ ಪಕ್ಕದ ಮನೆಯ ಮಕ್ಕಳನ್ನೂ ಕೇಳುತ್ತಿದ್ದರು. ನಮ್ಮಲ್ಲಿ ಆ ಕೆಲಸವನ್ನು ನಾವೇ ಮಾಡಬೇಕಾಯಿತು. ಇಬ್ಬರು ಮಕ್ಕಳ ಕೈಯಲ್ಲಿ ಗೀರು ಸಿಕ್ಕಿತು. ಅವರಿಗೂ ಇಂಜೆಕ್ಷನ್ ಹಾಕಿಸಿದೆವು.

ಶಾಲೆಯಲ್ಲಿ

ಲಸಿಕೆ ಗಾಡಿಯ ಸುದ್ದಿ ಜಾಸ್ತಿ ಬರುತ್ತದೆ. ಶಾಲೆಗೆ ಹೋದ ತಂಡಗಳ ಸುದ್ದಿ ಕಡಿಮೆ. ಕಲಿಸಿದ್ದು ದೊಡ್ಡ ವಿಷಯವೇನೂ ಅಲ್ಲ. ನಾಯಿ ಮೇಲೆ ಬಂದರೆ ಓಡಬೇಡ, ಮರದ ಹಾಗೆ ನಿಲ್ಲು. ಬಿದ್ದರೆ ಕಲ್ಲಿನ ಹಾಗೆ ಮುದುಡಿಕೋ, ಕೈಯಿಂದ ಕಿವಿ ಕುತ್ತಿಗೆ ಮುಚ್ಚಿಕೋ. ತಿನ್ನುವ, ಮಲಗಿದ, ಮರಿ ಇರುವ ನಾಯಿಯ ತಂಟೆಗೆ ಹೋಗಬೇಡ. ಕಚ್ಚಿದರೆ ತೊಳಿ. ದೊಡ್ಡವರಿಗೆ ಹೇಳು.

ಕೊನೆಯದ್ದೇ ಎಲ್ಲಕ್ಕಿಂತ ಕಷ್ಟ. ಮಗು ಹೇಳಬೇಕಾದರೆ ಬೈಯುವುದಿಲ್ಲ ಅನ್ನುವ ಧೈರ್ಯ ಬೇಕು. ಹುಡುಗನಿಗೆ ನಾನು ಎರಡು ದಿನ ಮೊದಲು ಗದರಿದ್ದೆ, ಆ ಕೊಳಕು ಮರಿ ಮುಟ್ಟಬೇಡ ಅಂತ. ಅದಕ್ಕೇ ಅವನು ಬಚ್ಚಿಟ್ಟ. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಗೋವಾದ ವಾಸ್ಕೊ, ಬೈನಾ, ಜುವಾರಿನಗರದ ಕಡೆ ನಮ್ಮ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ದುಡಿಯಲು ಹೋದವರು ಬಹಳ ಜನ ಇದ್ದಾರೆ. ಜಾತ್ರೆಗೆ, ಹಬ್ಬಕ್ಕೆ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುತ್ತಾರೆ. ಊರಲ್ಲಿ ನಾಯಿ ಕಚ್ಚಿ, ಎರಡು ಡೋಸ್ ಆಗಿ, ಗೋವಾಕ್ಕೆ ವಾಪಸ್ ಹೋದ ಮೇಲೆ ಉಳಿದದ್ದು ಮರೆತು ಹೋಗುವ ಸಾಧ್ಯತೆ ಜಾಸ್ತಿ. ಅಂಥವರು ಓದುತ್ತಿದ್ದರೆ ಒಂದು ಮಾತು: ಚೀಟಿ ಜೋಪಾನವಾಗಿ ಇಟ್ಟುಕೊಳ್ಳಿ. ಒಂದು ಊರಲ್ಲಿ ಶುರುವಾದ ಲಸಿಕೆಯನ್ನು ಇನ್ನೊಂದು ಊರಲ್ಲಿ ಮುಂದುವರಿಸಬಹುದು. ಮತ್ತೆ ಮೊದಲಿನಿಂದ ಹಾಕಿಸಬೇಕಿಲ್ಲ.

ಕಚ್ಚಿದ ಮೇಲೆ

ಗೋವಾ ಇಷ್ಟೆಲ್ಲ ಮಾಡಿದರೂ ಕಚ್ಚಿಸಿಕೊಂಡವರಿಗೆ ಚಿಕಿತ್ಸೆ ಬೇಡ ಅಂತ ಯಾರೂ ಹೇಳಲಿಲ್ಲ. ನಮ್ಮ ಕಡೆಯಂತೂ ಪ್ರತಿ ಕಡಿತವನ್ನೂ ರೇಬಿಸ್ ಇರಬಹುದು ಅಂತಲೇ ನೋಡಬೇಕು. ನಾಯಿಗೆ ಲಸಿಕೆ ಆಗಿದೆ ಅಂತ ಮಾಲೀಕ ಹೇಳಿದರೂ ಅಷ್ಟಕ್ಕೇ ಬಿಡಬಾರದು.

ಮೊದಲು ನಲ್ಲಿ. ಹರಿಯುವ ನೀರು, ಸೋಪು, ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡು ಮಾಡಿ, ಹದಿನೈದು ನಿಮಿಷ ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ. ರೇಬಿಸ್ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಕರಗಿಸುತ್ತದೆ. ಎಣ್ಣೆಯ ಪಾತ್ರೆಗೆ ಸೋಪು ಹಾಕಿದ ಹಾಗೆ. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಅರಿಶಿನ ಗಾಯವನ್ನು ಕೆಣಕುತ್ತವೆ, ತೊಳೆಯುವ ಹೊತ್ತನ್ನೂ ಕದಿಯುತ್ತವೆ. ಗಾಯಕ್ಕೆ ಬಿಗಿಯಾಗಿ ಪಟ್ಟಿ ಸುತ್ತಬೇಡಿ. ಹೊಲಿಗೆಯನ್ನೂ ಆದಷ್ಟು ತಡವಾಗಿ ಹಾಕುತ್ತಾರೆ.

ಆಮೇಲೆ ಲಸಿಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ, ಎರಡೂ ತೋಳಿಗೆ ಚೂರು ಚೂರು. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ನಮ್ಮ ಹಿರಿಯರಿಗೆ ಇನ್ನೂ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಅನ್ನುವ ಹೆದರಿಕೆ ಇದೆ. ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೇ ಲಸಿಕೆ. ನಮ್ಮ ದೇಶದಲ್ಲಿ ಅದು ನಿಂತು ಇಪ್ಪತ್ತು ವರ್ಷ ಆಯಿತು. ಆ ಹೆದರಿಕೆಗೆ ಆಸ್ಪತ್ರೆ ತಪ್ಪಿಸಿಕೊಳ್ಳುವವರು ಈಗಲೂ ಸಿಗುತ್ತಾರೆ, ಅವರಿಗೆ ಕೂತು ಹೇಳಬೇಕು.

ಮೂರನೆಯದು ಸೀರಂ. ಜನ ಕೇಳದೇ ಬಿಡುವುದು ಇದನ್ನೇ. ಲಸಿಕೆ ಹಾಕಿದ ಕೂಡಲೇ ರಕ್ಷಣೆ ಬರುವುದಿಲ್ಲ. ದೇಹ ತಾನೇ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ವಸ್ತು, ತಯಾರು ಮಾಡಲು ಒಂದು ವಾರವಾದರೂ ಬೇಕು. ಆ ವಾರದಲ್ಲಿ ಗಾಯದಲ್ಲಿರುವ ವೈರಸ್ ನರ ಸೇರಬಾರದು. ಅದಕ್ಕೆ ಬೇರೆ ಕಡೆ ತಯಾರಾದ ಪ್ರತಿಕಾಯವನ್ನು ನೇರ ಗಾಯದೊಳಗೇ ತುಂಬುತ್ತಾರೆ. ಹಲ್ಲು ಚರ್ಮ ತೂತು ಮಾಡಿ ರಕ್ತ ಬಂದಿದ್ದರೆ ಅದು ಮೂರನೇ ವರ್ಗದ, ಅಂದರೆ ಎಲ್ಲಕ್ಕಿಂತ ಗಂಭೀರ ವರ್ಗದ ಕಡಿತ. ಒಂದು ಹನಿ ರಕ್ತವಾದರೂ ಅಷ್ಟೇ, ಕಚ್ಚಿದ್ದು ಮರಿಯಾದರೂ ಅಷ್ಟೇ. ಅದಕ್ಕೆ ಸೀರಂ ಬೇಕೇ ಬೇಕು. ಮೊದಲ ದಿನ ಸಿಗದಿದ್ದರೆ ಮೊದಲ ಲಸಿಕೆಯಿಂದ ಏಳು ದಿನದೊಳಗೆ ಹಾಕಿಸಬಹುದು. ಹಾಗಂತ ಕಾಯಬೇಡಿ.

ಆ ರಾತ್ರಿ ಡಾಕ್ಟರು ಹುಡುಗನ ಹೆಬ್ಬೆರಳು ಹಿಡಿದು, ಮುಚ್ಚಿಹೋದ ಎರಡು ತೂತುಗಳನ್ನು ಲೈಟಿನಡಿ ಹುಡುಕಿದರು. ಬೆರಳಿನಲ್ಲಿ ಜಾಗ ಕಡಿಮೆ. ಜಾಸ್ತಿ ತುಂಬಿದರೆ ರಕ್ತ ಓಡಾಟ ನಿಲ್ಲುತ್ತದೆ. ಸ್ವಲ್ಪ ಸ್ವಲ್ಪವೇ ಬಿಟ್ಟರು. ಬೆರಳು ಬೆಳ್ಳಗಾಗಿ ಊದಿತು. ಹುಡುಗ ನನ್ನ ಅಂಗಿ ಹಿಡಿದು ಕೂಗಿದ. ಕಡಿತಕ್ಕಿಂತ ಅದೇ ಜಾಸ್ತಿ ನೋವು ಕೊಟ್ಟಿತು ಅವನಿಗೆ.

ನಾಯಿಯನ್ನು ಹತ್ತು ದಿನ ನೋಡಿ ಅನ್ನುವ ಮಾತು ಎಲ್ಲರಿಗೂ ಗೊತ್ತು. ಅರ್ಧ ಮಾತ್ರ ಗೊತ್ತು. ಚಿಕಿತ್ಸೆ ಶುರು ಮಾಡಿಕೊಂಡು ಹತ್ತು ದಿನ ನೋಡಬೇಕು. ಹತ್ತು ದಿನ ನೋಡಿ ಆಮೇಲೆ ಶುರು ಮಾಡುವುದಲ್ಲ.

ಘಾಟಿನ ಈ ಕಡೆ

ಗೋವಾದ ಲೆಕ್ಕ ನಮಗೆ ನೇರವಾಗಿ ಹೊಂದುವುದಿಲ್ಲ. 95,000 ನಾಯಿ ಶೇ. 70 ಆದರೆ ಇಡೀ ಗೋವಾದಲ್ಲಿ ಸುಮಾರು 1.35 ಲಕ್ಷ ನಾಯಿ ಅಂತಾಯಿತು. ಬೆಂಗಳೂರು ಒಂದರಲ್ಲೇ 2023ರ ಗಣತಿಯಲ್ಲಿ 2.79 ಲಕ್ಷ ಬೀದಿನಾಯಿ ಸಿಕ್ಕವು. ಗೋವಾದಲ್ಲಿ ಹೊರಗಿನ ಸಂಸ್ಥೆಯ ದುಡ್ಡು, ಜನ, ಅನುಭವ ಇತ್ತು. ಆದರೂ 2022ರ ಆ ವರದಿ ಖರ್ಚನ್ನೂ ತೂಗಿ ನೋಡಿದೆ. ಉಳಿಸಿದ ಒಂದೊಂದು ಆರೋಗ್ಯವಂತ ವರ್ಷಕ್ಕೆ 526 ಡಾಲರ್ ಬಿದ್ದಿದೆ. ಆರೋಗ್ಯದ ಕೆಲಸಗಳಲ್ಲಿ ಇದು ಅಗ್ಗ. ಕೇಂದ್ರ ಸರ್ಕಾರ 2021ರಲ್ಲಿ ರಾಷ್ಟ್ರೀಯ ಯೋಜನೆ ಹೊರಡಿಸಿ 2030ರೊಳಗೆ ನಾಯಿಯಿಂದ ಬರುವ ರೇಬಿಸ್ ತೊಲಗಿಸುತ್ತೇವೆ ಅಂದಿದೆ. ಕರ್ನಾಟಕ 2022ರಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿದೆ. ಸತ್ತವರ ಎಣಿಕೆ ಶುರುವಾಗಿದೆ ಅನ್ನೋಣ. ನಾಯಿಗಳ ಎಣಿಕೆ ಓಣಿ ಓಣಿಯಲ್ಲಿ ಆಗಬೇಕು.

ಸತ್ತರಿ, ಧಾರಬಾಂದೋಡಾ, ಸಾಂಗೆ, ಕಾಣಕೋಣ ತಾಲೂಕುಗಳು ನಮ್ಮ ಖಾನಾಪುರ, ಜೋಯಿಡಾ, ಕಾರವಾರಕ್ಕೆ ತಾಗಿಕೊಂಡಿವೆ. ಆ ಕಡೆ ಎಷ್ಟು ಕೆಲಸ ಮಾಡಿದರೂ ಈ ಕಡೆಯಿಂದ ಒಂದು ಹುಚ್ಚು ನಾಯಿ ಘಾಟ್ ಇಳಿದರೆ ಅವರಿಗೆ ಮತ್ತೆ ತಲೆನೋವು. ಗೋವಾದವರು ಗಡಿಯ ಹಳ್ಳಿಗಳಲ್ಲಿ ಎಷ್ಟು ಎಚ್ಚರ ಇರಬೇಕು ಅನ್ನುವುದು ನಾವು ಈ ಕಡೆ ಏನು ಮಾಡುತ್ತೇವೆ ಅನ್ನುವುದರ ಮೇಲೆ ನಿಂತಿದೆ.

ಇಪ್ಪತ್ತೆಂಟನೇ ದಿನದ ಇಂಜೆಕ್ಷನ್ ಹಾಕಿಸಿಕೊಂಡು ಬರುವಾಗ ಹುಡುಗ ಕೇಳಿದ, ನಮ್ಮ ಓಣಿಯಲ್ಲಿ ಎಷ್ಟು ನಾಯಿ ಇವೆ ಅಂತ. ಮನೆಗೆ ಬಂದು ನೋಟ್‌ಬುಕ್ ಹಿಡಿದು ಇಬ್ಬರೂ ಹೊರಟೆವು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸುತ್ತಿದೆವು. ತಾಯಿನಾಯಿ, ಅದರ ಮೂರು ಮರಿ, ಹೋಟೆಲ್ ಮುಂದಿನ ಎರಡು, ಹಿಟ್ಟಿನ ಗಿರಣಿಯ ಕುಂಟ ನಾಯಿ, ಮನೆಗಳಲ್ಲಿ ಸಾಕಿದ ನಾಲ್ಕು. ಒಟ್ಟು ಹನ್ನೊಂದು. ಮನೆ ಮನೆಗೆ ಹೋಗಿ ಕೇಳಿದೆವು. ಲಸಿಕೆ ಆಗಿದ್ದು ಒಂದಕ್ಕೆ.

ಹನ್ನೊಂದಕ್ಕೆ ಶೇ. 70 ಅಂದರೆ ಎಂಟು. ಇನ್ನೂ ಏಳು ಬೇಕು. ಪಶು ಆಸ್ಪತ್ರೆಯ ಡಾಕ್ಟರು ಭಾನುವಾರ ಬರಲು ಒಪ್ಪಿದ್ದಾರೆ. ಗಿರಣಿಯವರು ಕುಂಟ ನಾಯಿಯನ್ನು ತಾವೇ ಹಿಡಿದುಕೊಳ್ಳುತ್ತಾರಂತೆ. ತಾಯಿನಾಯಿಯನ್ನು ಹೇಗೆ ಹಿಡಿಯುವುದು ಅಂತ ಇನ್ನೂ ಯೋಚನೆ ಮಾಡುತ್ತಿದ್ದೇವೆ. ಸತ್ತರಿಯ ನೆಂಟರಿಗೆ ಫೋನ್ ಮಾಡಿ ಒಂದು ಬಲೆ ಸಿಗುತ್ತದಾ ಅಂತ ಕೇಳಿದ್ದೇನೆ.